ಹನ್ನೊಂದಕ್ಕೆ ಐದು ನಿಮಿಷವಿರುವಾಗ ಹೋಗುವ ಚಿತ್ರ

ಹಳೆಯ ಟಿವಿಗಳು ಕೆಡುವಾಗ ಮನುಷ್ಯರಂತೆ ಸಾವಕಾಶ ಕೆಡುತ್ತಿದ್ದವು. ಮೊದಲು ಚಿತ್ರದ ಮೇಲೆ ಯಾರೋ ಅಕ್ಕಿನುಚ್ಚು ಚೆಲ್ಲಿದ ಹಾಗೆ ಕಾಣುತ್ತಿತ್ತು. ಆಮೇಲೆ ದನಿ ಒಡೆಯುತ್ತಿತ್ತು. ಕೊನೆಕೊನೆಗೆ ಮಾತಾಡುವವನ ಬಗಲಲ್ಲಿ ಅವನದೇ ತೆಳ್ಳನೆಯ ನೆರಳೊಂದು ಬಂದು ನಿಂತು, ಅವನು ಬಾಯಿ ತೆರೆದಾಗ ತಾನೂ ತೆರೆಯುತ್ತಿತ್ತು. ಆ ನೆರಳನ್ನು ಕಂಡು ನಮ್ಮ ಮನೆಯಲ್ಲಿ ಯಾರೂ ಹೆದರಿದ್ದಿಲ್ಲ. ಟಿವಿಯ ನೆತ್ತಿಗೊಂದು ಪೆಟ್ಟು ಕೊಟ್ಟು ಮುಂದಿನ ಕೆಲಸ ನೋಡುತ್ತಿದ್ದೆವು. ಈಗಿನ ಡಿಜಿಟಲ್ ಚಿತ್ರಕ್ಕೆ ಆ ಸಾವಕಾಶವಿಲ್ಲ. ಇದ್ದರೆ ತೊಳೆದಿಟ್ಟಷ್ಟು ಸ್ವಚ್ಛ ಇರುತ್ತದೆ, ಹೋದರೆ ನಡುಮಾತಿನಲ್ಲಿ ಹೋಗುತ್ತದೆ. ಹೋಗುವಾಗಲೂ ಸುಮ್ಮನೆ ಹೋಗುವುದಿಲ್ಲ. ಪರದೆಯ ಮೇಲಿದ್ದವರನ್ನು ಕಣ್ಣು ಅರ್ಧ ಮುಚ್ಚಿದ, ಬಾಯಿ ಓರೆಯಾದ ಗಳಿಗೆಯಲ್ಲೇ ಹಿಡಿದು ನಿಲ್ಲಿಸುತ್ತದೆ. ಐವತ್ತೆರಡು ವರ್ಷದ, ಸಂಬಳದ ನೌಕರನಾದ, ದೆವ್ವ ಭೂತ ಎಲ್ಲ ಸುಳ್ಳೆಂದು ಓಣಿಯ ಕಟ್ಟೆಯ ಮೇಲೆ ಕೂತು ಎಷ್ಟೋ ಸಲ ವಾದಿಸಿ ಗೆದ್ದ ನಾನು ಹೋದ ವರ್ಷ ಅಂಥ ಒಂದು ಮುಖ ಕಂಡು ಹೆದರಿದೆ. ಹೆದರಿಕೆಗೆ ಕತ್ತಲೆ ಬೇಕೆಂದು ತಿಳಿದಿದ್ದೆ. ನನ್ನದು ಬಂದಿದ್ದು ಸಿಂಧನೂರಿನ ಬಿಸಿಲಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷವಿರುವಾಗ.

ನನ್ನ ಕೆಲಸ ಮಸ್ಕಿಯ ಬಸ್ ನಿಲ್ದಾಣದಲ್ಲಿ. ಕಿಟಕಿಯೊಳಗೆ ಕೂತು ಮೈಕಿನಲ್ಲಿ "ಲಿಂಗಸುಗೂರು, ಮುದಗಲ್ ಕಡೆ ಹೋಗುವ ಪ್ರಯಾಣಿಕರು" ಎಂದು ಕೂಗುವವನು ನಾನೇ. ಆ ದನಿ ಕೇಳಿ ಬೈದುಕೊಂಡವರಲ್ಲಿ ನೀವೂ ಒಬ್ಬರಿರಬಹುದು. ದಿನಾ ಅಷ್ಟು ಜನಕ್ಕೆ ದಿಕ್ಕು ತೋರಿಸುವ ನನಗೆ ನನ್ನ ಮಾಳಿಗೆಯ ಮೇಲಿನ ಡಿಷ್ ಯಾವ ದಿಕ್ಕಿಗೆ ನೋಡಬೇಕೆಂಬುದು ಗೊತ್ತಿರಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ. ಆಗ ನನಗೆ ಎರಡನೇ ಪಾಳಿ. ಮಧ್ಯಾಹ್ನ ಹನ್ನೆರಡಕ್ಕೆ ಸಿಂಧನೂರಿನ ಮನೆ ಬಿಟ್ಟರೆ ಸಾಕು. ಹೆಂಡತಿ ರೇಣುಕಾ ಅಂಗನವಾಡಿ ನಡೆಸುತ್ತಾಳೆ, ಒಂಬತ್ತೂವರೆಗೇ ಹೊರಟುಬಿಡುತ್ತಾಳೆ. ಆಮೇಲೆ ಮನೆಯಲ್ಲಿ ಉಳಿಯುವವರು ನಾನು, ಅವ್ವ, ಮತ್ತು ಅಪ್ಪನ ಕುರ್ಚಿ.

ಅಪ್ಪ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸದಲ್ಲಿದ್ದವನು. ನಿವೃತ್ತನಾದ ಮೇಲೆ ಅವನ ಕೈಯಲ್ಲಿ ಏರಿಸಲು ಇಳಿಸಲು ಉಳಿದದ್ದು ಟಿವಿಯ ದನಿಯೊಂದೇ. ದಿನಾ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಚಹಾ ಹಿಡಿದು ಆ ಕುರ್ಚಿಯಲ್ಲಿ ಕೂತರೆ ಹನ್ನೊಂದರ ವಾರ್ತೆ ಮುಗಿಯುವತನಕ ಏಳುತ್ತಿರಲಿಲ್ಲ. ನೀರಿನ ಭೋರಿನಲ್ಲಿ ವರ್ಷಗಟ್ಟಲೆ ನಿಂತು ಕಿವಿ ಮಂದವಾಗಿದ್ದರಿಂದ ದನಿಯನ್ನು ಮೂವತ್ತೈದಕ್ಕೆ ಇಡುತ್ತಿದ್ದ. ಬೇಸಿಗೆಯಲ್ಲಿ ಅವನು ತೀರಿಕೊಂಡ ಮೇಲೆ ನಾನು ಅದನ್ನು ಹನ್ನೆರಡಕ್ಕೆ ಇಳಿಸಿದೆ. ನಮ್ಮ ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತದೆ ಎಂಬುದು ನನಗೆ ಅಂದೇ ತಿಳಿಯಿತು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಅಪ್ಪನೂ ನಾನೂ ಬೌದ್ಧ ದೀಕ್ಷೆ ತೆಗೆದುಕೊಂಡವರು. ಅವ್ವನೂ ಬಂದು ಎಲ್ಲರ ಜೊತೆ ಶರಣಂ ಹೇಳಿದಳು. ತಿರುಗಿ ಬರುವಾಗ ದ್ಯಾಮವ್ವನ ಗುಡಿಯ ಮುಂದೆ ನಿಂತು, ಹೀಗೆ ಹೀಗಾಯಿತು, ಸಿಟ್ಟಾಗಬೇಡ ಎಂದು ತಿಳಿಸಿಯೂ ಬಂದಳು. "ನಾ ಸತ್ತ ಮ್ಯಾಲ ಪಕ್ಷದಾಗ ನನಗ ಎಡಿ ಗಿಡಿ ಇಡಬ್ಯಾಡ್ರಿ. ಕಾಗಿ ತಿಂದಿದ್ದು ನನ್ನ ಹೊಟ್ಟಿಗೆ ಹೆಂಗ ಬರತೈತಿ" ಎಂದು ಅಪ್ಪ ನಮ್ಮೆಲ್ಲರ ಮುಂದೆ ಹೇಳಿದ್ದ. ಹಿರಿಯರಿಗೆ ಎಡೆ ಇಡುವ ಆ ಹದಿನೈದು ದಿನಗಳ ಪಿತೃಪಕ್ಷ ಅವನು ಹೋದ ಮೇಲೆ ಮೊದಲ ಸಲ ಬಂದಾಗ ನಾನು ಈ ಮಾತನ್ನು ಅವ್ವನಿಗೆ ನೆನಪಿಸಿದೆ. ಅವ್ವ ಅಕ್ಕಿ ಆರಿಸುತ್ತ ತಲೆ ಎತ್ತದೆ, "ಅವ ಅದನ್ನ ಹೊಟ್ಟಿ ತುಂಬ ಉಂಡು ಕುಂತಾಗ ಹೇಳಿದ್ದ" ಎಂದಳು. ವಾದದಲ್ಲಿ ಗೆದ್ದೆನೆಂದು ತಿಳಿದು ನಾನು ಡ್ಯೂಟಿಗೆ ಹೋದೆ.

ಮಹಾಲಯ ಅಮಾವಾಸ್ಯೆಗೆ ಆರು ದಿನವಿತ್ತು. ಬೆಳಿಗ್ಗೆ ಚಹಾ ಕೊಡುತ್ತ ಅವ್ವ ಹೇಳಿದಳು, "ನಿನ್ನಿ ನಿಮ್ಮಪ್ಪ ಕುಂದ್ರೋ ಹೊತ್ತಿಗೆ ಟಿವಿ ನಿಂತ್ ಬಿಟ್ಟಿತ್ತು."

"ಆಮ್ಯಾಲ ಬಂತಿಲ್ಲೋ?"

"ಬಂತು. ಹತ್ತು ನಿಮಿಷ ಬಿಟ್ಟು."

"ಮತ್ಯಾಕ ಚಿಂತಿ ಮಾಡ್ತಿ ಬಿಡಬೇ."

"ಮೊನ್ನಿನೂ ಅದ ಹೊತ್ತಿಗೆ ನಿಂತಿತ್ತು" ಎಂದು ಅವ್ವ ಕುರ್ಚಿಯ ಕಡೆ ನೋಡಿದಳು.

ಅಂದು ನಾನೇ ಕೂತು ನೋಡಿದೆ. ಕುರ್ಚಿಯಲ್ಲಿ ಅಲ್ಲ, ಪಕ್ಕದ ಚಾಪೆಯ ಮೇಲೆ. ಭತ್ತಕ್ಕೆ ಬೀಳುವ ಜಿಗಿಹುಳದ ಬಗ್ಗೆ ಒಬ್ಬ ಸಭ್ಯ ಗೃಹಸ್ಥ ಮಾತಾಡುತ್ತಿದ್ದ. ಹನ್ನೊಂದಕ್ಕೆ ಐದು ನಿಮಿಷ ಉಳಿಯಿತು. ಅವನ ಗದ್ದದ ಮೇಲೆ ಒಂದು ಹಸಿರು ಚೌಕ ಮೂಡಿತು. ಅದರ ಪಕ್ಕ ಇನ್ನೊಂದು. ಅವು ಒಂದರ ಮೇಲೊಂದು ಹತ್ತಿ ಅವನ ಬಾಯಿ ಮುಚ್ಚಿದವು. ಮಾತು ಮಾತ್ರ ಎಲ್ಲಿಂದಲೋ ತುಂಡುತುಂಡಾಗಿ ಬರುತ್ತಿತ್ತು. ಆಮೇಲೆ ಅದೂ ಕಡಿಯಿತು. ಒಂದೇ ಒಂದು ಕಣ್ಣು ಉಳಿಯಿತು, ಅರ್ಧ ಮುಚ್ಚಿದ ಕಣ್ಣು. ಅದು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಪಕ್ಕಕ್ಕೆ, ಕುರ್ಚಿ ಇದ್ದಲ್ಲಿಗೆ ನೋಡುತ್ತಿತ್ತು. ಆಮೇಲೆ ಪರದೆಯೆಲ್ಲ ನೀಲಿಯಾಗಿ 'ಸಿಗ್ನಲ್ ಇಲ್ಲ' ಎಂಬ ಅಕ್ಷರ ಬಂತು. ಹೊರಗೆ ಮೋಡವಿಲ್ಲ, ಗಾಳಿಯಿಲ್ಲ, ಮಾಳಿಗೆಯ ಅಂಚಿನಲ್ಲಿ ಒಂದು ಕಾಗೆ ಕೂಗದೆ ಕೂತಿತ್ತು. ಪಕ್ಷದಲ್ಲಿ ಕಾಗೆ ಇರುವುದೇ ಎಂದು ನನಗೆ ನಾನೇ ಹೇಳಿಕೊಂಡೆ.

"ಅವ ಇದ್ದಾಗ ಹಿಂಗಾದ್ರ ಮಾಳಿಗಿ ಹತ್ತಿ ಡಿಷ್‌ಗೆ ಕೈ ಇಡ್ತಿದ್ದ. ಕೈ ಇಟ್ಟರ ಬರ್ತಿತ್ತು. ಈಗ ಅವನ ಸಿಟ್ಟಾಗ್ಯಾನ. ಹಸದಾನ" ಎಂದಳು ಅವ್ವ. ನಾನು ನಕ್ಕೆ. ಆ ನಗು ಇರಬೇಕಾದಷ್ಟು ಉದ್ದವಿರಲಿಲ್ಲ.

ಮರುದಿನದಿಂದ ನನ್ನ ದುರಸ್ತಿ ಕಾರ್ಯ ಶುರುವಾಯಿತು. ಸೆಟ್‌ಟಾಪ್ ಡಬ್ಬಿಯ ಕರೆಂಟು ತೆಗೆದು ಮತ್ತೆ ಹಾಕಿದೆ. ವೈರಿನ ತುದಿಯನ್ನು ಬಾಯಿಂದ ಊದಿದೆ. ಹೀಗೆ ಊದುವುದರಿಂದ ಏನಾಗುತ್ತದೋ ಗೊತ್ತಿಲ್ಲ, ನಮ್ಮ ಕಡೆ ಎಲ್ಲರೂ ಊದುತ್ತಾರೆ. ಹೊಸ ವೈರು ತಂದೆ. ಮಾಳಿಗೆ ಹತ್ತಿ ಡಿಷ್‌ನ ಮೇಲಿನ ಅಕ್ಕಿ ಮಿಲ್ಲಿನ ತೌಡಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಥಳಥಳ ಹೊಳೆಯಿಸಿದೆ. ಬೆಳಿಗ್ಗೆ ಎಂಟಕ್ಕೆ ಚಿತ್ರ ಸ್ವಚ್ಛ, ಒಂಬತ್ತಕ್ಕೆ ಸ್ವಚ್ಛ, ಹತ್ತೂವರೆಗೂ ಸ್ವಚ್ಛ. ಹನ್ನೊಂದಕ್ಕೆ ಐದಾರು ನಿಮಿಷವಿದೆ ಎನ್ನುವಾಗ ಚೌಕಗಳು ಏಳುತ್ತಿದ್ದವು. ಓಣಿಯವರನ್ನು ಕೇಳೋಣವೆಂದರೆ ಆ ಹೊತ್ತಿನಲ್ಲಿ ಟಿವಿ ಹಾಕುವವರು ಯಾರೂ ಉಳಿದಿಲ್ಲ, ಎಲ್ಲರ ಕೈಯಲ್ಲೂ ಮೊಬೈಲು. ಅಪ್ಪ ಕರೆಯುತ್ತಿದ್ದ ಡಿಷ್ ಮೆಕ್ಯಾನಿಕ್ ಖಾದರ್‌ಗೆ ಫೋನ್ ಮಾಡಿದರೆ ಅವನು ಮುದಗಲ್‌ಗೆ, ಬೀಗರ ಮನೆಯ ಮದುವೆಗೆ ಹೋಗಿದ್ದ.

ನನಗೆ ಟಿವಿಯ ಚಿಂತೆ ಇದ್ದದ್ದು ಕಡಿಮೆ, ಅವ್ವನದು ಹೆಚ್ಚು. ಅವಳು ಮಧ್ಯಾಹ್ನದ ಊಟ ಬಿಟ್ಟಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ; ಗುಳಿಗೆ ನುಂಗಿ ಊಟ ಬಿಟ್ಟರೆ ಕೈಕಾಲು ನಡುಗಿ ಬೆವರುತ್ತಾಳೆ. ರೇಣುಕಾ ಬೈದಳು, ನಾನು ಕೈ ಮುಗಿದೆ. ಅವ್ವ ಒಂದು ಸಣ್ಣ ಚೀಲದಲ್ಲಿ ಎರಡು ಸೀರೆ, ಗುಳಿಗೆಯ ಡಬ್ಬಿ ತುಂಬಿ ಬಾಗಿಲ ಹತ್ತಿರ ಇಟ್ಟಳು. "ಅಮಾಸಿ ದಿನ ಹನ್ನೆರಡರ ಬಸ್ಸಿಗೆ ಮುಕ್ಕುಂದಕ್ಕ ಹೋಕ್ಕೀನಿ. ಮಗಳ ಮನ್ಯಾಗ ಇನ್ನೂ ಎಡಿ ಇಡ್ತಾರ. ಅಲ್ಲೇ ಅವಗೂ ಒಂದು ಎಲಿ ಹಾಕಸ್ತೀನಿ. ತಿರುಗಿ ಬರಂಗಿಲ್ಲ. ಅವ ಉಪವಾಸ ಇರೋ ಮನ್ಯಾಗ ನಾ ಉಣ್ಣಾಕ ಒಲ್ಲೆ." ಮುಕ್ಕುಂದದಲ್ಲಿರುವುದು ನನ್ನ ಅಕ್ಕ. ಒಳ್ಳೆಯವಳೇ. ಆದರೆ ಅವ್ವನ ಗುಳಿಗೆಯ ಹೊತ್ತು ಅಲ್ಲಿ ಯಾರಿಗೆ ಗೊತ್ತಿದೆ, ಮತ್ತು ತಾಯಿ ಬಿಟ್ಟುಹೋದ ಮನೆಯಲ್ಲಿ ನಾನು ಯಾವ ಮುಖದಿಂದ ಬುದ್ಧನ ಮೂರ್ತಿಯ ಧೂಳು ಒರೆಸಲಿ? ಅಮಾವಾಸ್ಯೆಯೊಳಗೆ ಈ ಟಿವಿ ಸರಿಯಾಗಲೇಬೇಕಿತ್ತು.

ಅಮಾವಾಸ್ಯೆಗೆ ಮೂರು ದಿನವಿರುವಾಗ ಅದು ನಡೆಯಿತು. ಅವ್ವ ಹಿಂದಿನ ಓಣಿಯ ಗೆಳತಿಯ ಮನೆಗೆ ಹೋಗಿದ್ದಳು. ನಾನು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಟಿವಿ ಹಚ್ಚಿಟ್ಟು, ಸ್ಪ್ಯಾನರ್ ಹಿಡಿದು ಮನೆಯೊಳಗಿನ ಮೆಟ್ಟಿಲಿನಿಂದ ಮಾಳಿಗೆ ಹತ್ತಿದೆ. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಡಿಷ್‌ನ ದಿಕ್ಕೇ ತಪ್ಪಿರಬೇಕು ಎಂದು ನನಗೆ ಆಗ ಖಚಿತವಾಯಿತು. ಬೋಲ್ಟು ಸಡಿಲಿಸಿ ಅದನ್ನು ಪೂರಾ ಲಿಂಗಸುಗೂರಿನ ಕಡೆ ತಿರುಗಿಸಿಬಿಟ್ಟೆ.

ಲಿಂಗಸುಗೂರು ಯಾಕೆಂದರೆ ಚಿಕ್ಕಂದಿನಿಂದ ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ ದಿಕ್ಕು. ಆಗ ಇದೇ ಮಾಳಿಗೆಯ ಮೇಲೆ, ಬಿದಿರಿನ ತುದಿಗೆ, ಮೀನಿನ ಎಲುಬಿನಂಥ ಆಂಟೆನಾ ಇತ್ತು. ಟವರು ಲಿಂಗಸುಗೂರಿನ ಕಡೆ ಇದೆ ಎಂಬುದು ಅಪ್ಪನ ಸಿದ್ಧಾಂತ. ನಾನು ಮೇಲೆ ಬಿದಿರು ತಿರುಗಿಸಬೇಕು, ಅವನು ಕೆಳಗೆ ಟಿವಿ ನೋಡುತ್ತ ಹೇಳಬೇಕು. "ಬಂತೇನು?" ಎಂದು ನಾನು ಕೂಗಿದರೆ, "ಇಲ್ಲ, ಇನ್ನೊಂಚೂರು ಲಿಂಗಸುಗೂರಿಗೆ" ಎನ್ನುತ್ತಿದ್ದ. ಮತ್ತೆ ತಿರುಗಿಸುತ್ತಿದ್ದೆ. ಕೊನೆಗೆ ಕಾಲುವೆಯ ಆಚೆ ದಂಡೆಗೂ ಕೇಳುವಂಥ ದನಿಯಲ್ಲಿ, "ಬಂತು. ಕೈ ಬಿಡು" ಎನ್ನುತ್ತಿದ್ದ. ಕೈ ಬಿಟ್ಟ ತಕ್ಷಣ ಚಿತ್ರ ಹೋಗುತ್ತಿತ್ತು. ಹಿಡಿದುಕೊಂಡರೆ ಇರುತ್ತಿತ್ತು. ಎಷ್ಟೋ ಭಾನುವಾರ ನಮ್ಮ ಮನೆಯವರೆಲ್ಲ ಕೆಳಗೆ ಕೂತು ಸಿನಿಮಾ ನೋಡುವಾಗ ನಾನು ಮೇಲೆ ಬಿದಿರು ಹಿಡಿದು ನಿಂತು ಅವರ ನಗು ಕೇಳಿದ್ದೇನೆ.

ಆದರೆ ಡಿಷ್‌ಗೆ ಟವರು ಬೇಕಿಲ್ಲ, ಅದು ಆಕಾಶದ ಉಪಗ್ರಹವನ್ನು ನೋಡಬೇಕು, ಆ ಉಪಗ್ರಹ ಲಿಂಗಸುಗೂರಿನ ವಿರುದ್ಧ ದಿಕ್ಕಿನಲ್ಲಿದೆ ಎಂಬುದು ಐದು ನಿಮಿಷ ತಡವಾಗಿ ನೆನಪಾಯಿತು. ಪುಣ್ಯಕ್ಕೆ ಕಂಬದ ಮೇಲೆ ಖಾದರ್ ಎಂದೋ ಹಾಕಿದ್ದ ಕೆಂಪು ಬಣ್ಣದ ಗೆರೆ ಇತ್ತು. ಡಿಷ್ ಅನ್ನು ನಿಧಾನಕ್ಕೆ ಆ ಗೆರೆಗೆ ತಂದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಕೆಳಗೆ ಯಾರೂ ಇಲ್ಲವೆಂಬುದು ಮರೆತು, ಹಳೆಯ ರೂಢಿಯಿಂದ ಕೂಗಿದೆ, "ಬಂತೇನು?"

"ಬಂತು. ಕೈ ಬಿಡು."

ನಾನು ಕೈ ಬಿಟ್ಟೆ. ಹೆದರಿಕೆ ಆಮೇಲೆ ಬಂದದ್ದು. ಮೊದಲು ಬಂದದ್ದು ವಿಧೇಯತೆ. ಐವತ್ತೆರಡರ ವಯಸ್ಸಿನಲ್ಲೂ ಆ ದನಿಗೆ ನನ್ನ ಕೈ ನನ್ನನ್ನು ಕೇಳದೆಯೇ ಬಿಟ್ಟಿತು. ಮುಂದಿನ ಉಸಿರಿಗೆ ಮೈಯ ಬೆವರೆಲ್ಲ ತಣ್ಣಗಾಯಿತು. ಮಾಳಿಗೆಯ ಅಂಚಿನಲ್ಲಿ ಮೊನ್ನೆಯ ಹಾಗೆಯೇ ಒಂದು ಕಾಗೆ ಕೂಗದೆ ಕೂತಿತ್ತು. ಕೆಳಗಿನಿಂದ ಹನ್ನೊಂದರ ವಾರ್ತೆ ಕೇಳುತ್ತಿತ್ತು, ಮಾಳಿಗೆಗೇ ಕೇಳುವಷ್ಟು ಜೋರಾಗಿ.

ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದೆ. ಬಾಗಿಲ ಚಿಲಕ ನಾನು ಹಾಕಿದಂತೆಯೇ ಇತ್ತು. ಟಿವಿಯಲ್ಲಿ ಚಿತ್ರ ಸ್ವಚ್ಛವಾಗಿತ್ತು. ಕುರ್ಚಿ ಖಾಲಿ ಇತ್ತು. ಖಾಲಿ ಎನ್ನುವುದನ್ನು ಖಾತ್ರಿ ಮಾಡಿಕೊಳ್ಳಲು ಅದರ ಹಿಂದೆಯೂ ನೋಡಿದೆ ಎಂಬುದನ್ನು ರೇಣುಕಾಳಿಗೆ ಈತನಕ ಹೇಳಿಲ್ಲ. ರಿಮೋಟು ಒತ್ತಿದಾಗ ಪರದೆಯ ಮೂಲೆಯಲ್ಲಿ ದನಿಯ ಅಂಕಿ ಮೂಡಿತು. ಮೂವತ್ತೈದು. ಡಬ್ಬಿಯ ಕರೆಂಟು ಪದೇ ಪದೇ ತೆಗೆದು ಹಾಕಿದರೆ ಅದು ಹಳೆಯ ಅಳತೆಗೆ ಹೋಗುತ್ತದಂತೆ. ಇರಬಹುದು. ಹಿಂದಿನ ಓಣಿಯಲ್ಲಿ ಯಾರೋ ಯಾರಿಗೋ ಚೀಲ ಇಳಿಸುವಾಗ ಹಾಗೆ ಕೂಗಿರಬಹುದು. ಅದೂ ಇರಬಹುದು. ಹೊರಗೆ ಹೋಗಿ ನೋಡಿದೆ, ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಅಂದು ಮಸ್ಕಿಯಲ್ಲಿ ನನ್ನ ತಲೆ ನನ್ನ ವಶದಲ್ಲಿರಲಿಲ್ಲ. ಲಿಂಗಸುಗೂರಿನ ಬಸ್ಸು ಬಂದು ನಿಲ್ಲುವ ಮೊದಲೇ ಜನ ಬಾಗಿಲಿಗೆ ಜೋತುಬಿದ್ದರು. ನಾನು ಮೈಕು ಹಿಡಿದು ಇಡೀ ನಿಲ್ದಾಣಕ್ಕೆ, "ಬಂತು. ಕೈ ಬಿಡು" ಎಂದೆ. ಆಶ್ಚರ್ಯವೆಂದರೆ ಎಲ್ಲರೂ ಕೈ ಬಿಟ್ಟರು. ಕಂಡಕ್ಟರ್ ಬಂದು ಕಿಟಕಿಯಲ್ಲಿ ಇಣುಕಿ, "ಏನ್ರೀ ಮೌನೇಶಪ್ಪ, ದನಿ ಯಾರದೋ ಬಂದಂಗಾತಲ್ಲ" ಎಂದ. ನಾನು ಮೈಕಿನ ಗುಂಡಿ ಆರಿಸಿ ನೀರು ಕುಡಿದೆ.

ಅಮಾವಾಸ್ಯೆಯ ಹಿಂದಿನ ದಿನ ಖಾದರ್ ಬಂದ. ಅವ್ವ ಕೆಳಗೆ ಚಹಾಕ್ಕಿಟ್ಟಿದ್ದಳು. ಮಾಳಿಗೆಯ ಮೇಲೆ ಅವನು ಡಿಷ್ ಅನ್ನು ಮುಟ್ಟಲೂ ಇಲ್ಲ. ಗಡಿಯಾರ ನೋಡಿ, ಹೊತ್ತಾದಾಗ ಡಿಷ್‌ನ ಮುಂದಿನ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಮೂತಿಯನ್ನು ತೋರಿಸಿದ. ನಾನು ಒರೆಸಿ ಹೊಳೆಯಿಸಿದ್ದ ತಟ್ಟೆಯ ಬೆಳಕೆಲ್ಲ ಒಟ್ಟಾಗಿ ಆ ಮೂತಿಯ ಮೇಲೆ ಬಿದ್ದು ಅದು ಉರಿಯುವ ಹಾಗೆ ಬೆಳಗುತ್ತಿತ್ತು. ಕೆಳಗೆ ವಾರ್ತೆಗೆ ಮುಂಚಿನ ಸಂಗೀತ ಕಡಿಯಿತು.

"ಸೂರ್ಯ ಉಪಗ್ರಹದ ಹಿಂದ ಬಂದು ನಿಂತಾನ್ರೀ ಸಾಹೇಬ್ರ. ಅವನ ಗದ್ದಲದಾಗ ಸಿಗ್ನಲ್ ಕೇಳಂಗಿಲ್ಲ. ವರ್ಷಕ್ಕ ಎರಡು ಸಲ ಬರತೈತಿ. ಈಗೊಮ್ಮೆ, ಮಾರ್ಚ್‌ನಾಗೊಮ್ಮೆ. ಎಂಟೊಂಬತ್ತು ದಿನ, ದಿನಕ್ಕ ಎಂಟು ಹತ್ತು ನಿಮಿಷ. ನಾಳಿ ನಾಡಿದ್ದು ತಾನ ಬಂದ್ ಆಕ್ಕೈತಿ. ಫಿಕರ್ ಮಾಡಬ್ಯಾಡ್ರಿ."

"ಮತ್ತ ಅಪ್ಪ ಕೈ ಇಟ್ಟರ ಬರ್ತಿತ್ತಂತಲ್ಲ?"

ಖಾದರ್ ಮೆಟ್ಟಿಲಿನ ಕಡೆ ನೋಡಿ ದನಿ ತಗ್ಗಿಸಿದ. "ಅವರಿಗೆ ಎಲ್ಲಾ ಗೊತ್ತಿತ್ರೀ. ಡಿಷ್ ಹಾಕಿದ ವರ್ಷಾನ ನಾ ಹೇಳಿದ್ದೆ. ಹೋದ ಕೂಡ್ಲೇ ಮ್ಯಾಲ ಬಂದು ಕೈ ಇಟ್ಟು ನಿಂದರ್ತಿದ್ರು. ಟೈಮ್ ಆದ ಮ್ಯಾಲ ಬಂತೇನು ಅಂತ ಒದರ್ತಿದ್ರು. 'ಖಾದರ್, ನನ್ನ ಹೆಂಡ್ತಿಗೆ ಇದನ್ನ ಹೇಳಬ್ಯಾಡಪಾ. ಗೇಟಿನ ಕೆಲಸ ಹೋಗೈತಿ. ವರ್ಷದಾಗ ಇಷ್ಟು ದಿನರ ನನ್ನ ಕೈಲೆ ಏನರ ಆಕ್ಕೈತಿ ಅಂತ ತಿಳ್ಕೊಂಡಿರಲಿ' ಅಂದಿದ್ರು. ನಾ ಹೇಳಿಲ್ಲ. ಖರೇವ ಹೇಳಿಲ್ಲ."

ನನಗೆ ನಗು ಬಂತು. ಕಾಗೆಗೆ ಅನ್ನ ಇಡುವುದು ಮೋಸ ಎಂದು ನಮಗೆಲ್ಲ ಪಾಠ ಮಾಡಿದ ಮನುಷ್ಯ, ವರ್ಷಕ್ಕೆರಡು ಸಲ ಈ ಬಿಸಿಲಿನಲ್ಲಿ ನಿಂತು ತನ್ನ ಹೆಂಡತಿಯೊಬ್ಬಳಿಗೆ ಇಂಥ ಮೋಸ ಮಾಡುತ್ತಿದ್ದ. ಅವನಿಲ್ಲದ ಕೊರತೆ ನನಗೆ ಬೇಸಿಗೆಯಲ್ಲಿ ತಟ್ಟದಷ್ಟು ಆಗ ತಟ್ಟಿತು. ಸೂರ್ಯನ ವಿಷಯವನ್ನು ಅವ್ವನಿಗೆ ಹೇಳಿದರೆ ಅವಳು ನಂಬಲಿಕ್ಕಿಲ್ಲ. ನಂಬಿದರೆ ಅಪ್ಪನ ಗುಟ್ಟು ಹೊರಬೀಳುತ್ತದೆ. ಎರಡೂ ಬೇಡವೆನ್ನಿಸಿತು. ಕೆಳಗಿಳಿದು, "ನಾಳಿ ನಾ ಕೈ ಇಡ್ತೀನಿ. ಬಂದ್ರ ಅಪ್ಪಗ ಸಿಟ್ಟಿಲ್ಲ ಅಂತ ತಿಳ್ಕೊ" ಎಂದೆ. ಅವ್ವ ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದಳು. "ಬರ್ದಿದ್ರ ಹನ್ನೆರಡರ ಬಸ್ಸು" ಎಂದಳು.

ಅಮಾವಾಸ್ಯೆಯ ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಮಾಳಿಗೆಯ ಮೇಲಿದ್ದೆ. ಐದು ನಿಮಿಷವಿದೆ ಎನ್ನುವಾಗ ಕೆಳಗೆ ಟಿವಿ ಆರಾಮಾಗಿ ಮಾತಾಡುತ್ತಿತ್ತು. ನಾಲ್ಕು ನಿಮಿಷವಿದ್ದಾಗಲೂ ಮಾತಾಡುತ್ತಿತ್ತು. ಆಗ ನನಗೆ ಹೊಸ ಹೆದರಿಕೆ ಹತ್ತಿತು. ಸೂರ್ಯನ ಈ ಕಾಟ ತಾನೇ ನಿಲ್ಲುತ್ತದೆ ಎಂದಿದ್ದನಲ್ಲ ಖಾದರ್, ಅದು ಇಂದೇ ನಿಂತುಹೋಗಿದ್ದರೆ? ಕೆಡದ ಟಿವಿಯನ್ನು ನಾನು ಸರಿಮಾಡುವುದು ಹೇಗೆ? ಒಂದು ವಾರ ಹೋಗಬೇಡ ಎಂದು ಬೇಡಿಕೊಂಡ ಚಿತ್ರಕ್ಕೆ, ಹೋಗಪ್ಪಾ, ಇದೊಂದು ಸಲ ಹೋಗು ಎಂದು ಬಿಸಿಲಿನಲ್ಲಿ ನಿಂತು ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆನೋ ಕೇಳಬೇಡಿ. ಆಗ ಕೆಳಗಿನ ದನಿ ಕಡಿಯಿತು.

"ಹೋತು" ಎಂದಳು ಅವ್ವ.

ಡಿಷ್‌ನ ಅಂಚಿಗೆ ಕೈ ಇಟ್ಟೆ. ಸುಡುತ್ತಿತ್ತು. ಅಪ್ಪನ ಅಂಗೈ ಕಬ್ಬಿಣದ ಗೇಟು ಹಿಡಿದು ದಡ್ಡುಗಟ್ಟಿತ್ತು, ಅವನಿಗೆ ಗೊತ್ತಾಗುತ್ತಿರಲಿಕ್ಕಿಲ್ಲ. ನನ್ನದು ಮೈಕು ಹಿಡಿದ ಕೈ. ಆದರೂ ತೆಗೆಯಲಿಲ್ಲ. ಹಾಗೆ ಇಟ್ಟುಕೊಂಡು ನಿಂತಾಗ ಪಕ್ಕದಲ್ಲಿ ಇನ್ನೊಂದು ಕೈಗೆ ಜಾಗ ಬಿಟ್ಟಿದ್ದೇನೆ ಎಂಬುದು ತಡವಾಗಿ ಗಮನಕ್ಕೆ ಬಂತು. "ಬಂತೇನು?" ಎಂದು ಕೂಗಿದೆ. "ಇಲ್ಲ" ಎಂದಳು. ಐದು ನಿಮಿಷ ಬಿಟ್ಟು ಮತ್ತೆ ಕೂಗಿದೆ. ಉತ್ತರವೇ ಬರಲಿಲ್ಲ. ಅವ್ವ ಗುಳಿಗೆ ನುಂಗಿದ್ದಳು, ಊಟ ಮಾಡಿರಲಿಲ್ಲ. ಇಳಿದು ಓಡಬೇಕೋ, ಕೈ ಇಟ್ಟೇ ನಿಲ್ಲಬೇಕೋ ತಿಳಿಯದೆ ಮೂರನೆಯ ಸಲ ಕೂಗುವಷ್ಟರಲ್ಲಿ ಕೆಳಗಿನಿಂದ ಸಣ್ಣ, ನಡುಗುವ, ಖಂಡಿತವಾಗಿ ಅವ್ವನದೇ ದನಿ ಬಂತು, "ಬಂತು. ಕೈ ಬಿಡು."

ಕೆಳಗೆ ಬಂದರೆ ಅವ್ವ ಚೀಲ ಬಿಚ್ಚಿ ಸೀರೆಗಳನ್ನು ಗೂಟಕ್ಕೆ ಹಾಕುತ್ತಿದ್ದಳು. "ನಿಮ್ಮಪ್ಪನ ಕೈಗುಣ ನಿನಗೂ ಬಂದೈತಿ" ಎಂದಳು. ಆಮೇಲೆ ಎರಡು ತಟ್ಟೆಗೆ ಅನ್ನ ಬಡಿಸಿ, ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ತಾನೇ ಉಂಡಳು. ಎಡೆಯ ಮಾತೆತ್ತಲಿಲ್ಲ. ಈಗ ಓಣಿಯ ಯಾರ ಮನೆಯ ಟಿವಿ ಕೆಟ್ಟರೂ ನನ್ನನ್ನು ಕರೆದು ಕೈ ಇಡಿಸಬೇಕೆಂದು ಅವ್ವ ಹೇಳಿಟ್ಟಿದ್ದಾಳೆ. ಕಟ್ಟೆಯ ಮೇಲೆ ಕೂತು ವಾದಿಸುವುದನ್ನು ನಾನು ಬಿಟ್ಟಿದ್ದೇನೆ.

ಸೂರ್ಯನ ಲೆಕ್ಕ ನನಗೆ ಪೂರಾ ತಿಳಿದಿದೆ. ದನಿ ಮೂವತ್ತೈದಕ್ಕೆ ಹೋದದ್ದಕ್ಕೂ ಕಾರಣ ಕೇಳಿ ಇಟ್ಟುಕೊಂಡಿದ್ದೇನೆ. ಉಳಿದದ್ದು ಒಂದೇ, ಕೆಳಗಿನಿಂದ ಬಂದ ಆ ಕೂಗು. ಅವ್ವನನ್ನು ಎರಡು ಸಲ ಕೇಳಿದೆ, ಆ ದಿನ ನೀನೇನಾದರೂ ಮನೆಗೆ ಬಂದಿದ್ದೆಯಾ ಎಂದು. "ಚಿಲಕ ನೀನ ಹಾಕಿದ್ದಿ. ನಾ ಎಲ್ಲಿಂದ ಬರ್ಲಿ" ಎಂದಳು. ಬರುವ ಮಾರ್ಚಿನಲ್ಲಿ ಮತ್ತೆ ಎಂಟೊಂಬತ್ತು ದಿನ ಚಿತ್ರ ಹೋಗುತ್ತದಂತೆ. ಆ ತಿಂಗಳು ನನಗೆ ಮೊದಲ ಪಾಳಿ ಬಿದ್ದಿತ್ತು. ಅರ್ಜಿ ಕೊಟ್ಟು ಎರಡನೆಯದಕ್ಕೆ ಬದಲಾಯಿಸಿಕೊಂಡಿದ್ದೇನೆ, ಕಾರಣದ ಜಾಗದಲ್ಲಿ 'ಮನೆಯ ಡಿಷ್ ದುರಸ್ತಿ' ಎಂದು ಬರೆದು. ಚಿತ್ರ ಹೋಗುವ ಆ ದಿನಗಳಲ್ಲಿ ಒಂದು ದಿನದ ಮಟ್ಟಿಗೆ ಅವ್ವನನ್ನು ಮುಕ್ಕುಂದಕ್ಕೆ, ಅಕ್ಕನ ಮನೆಗೆ, ನಾನೇ ಬಸ್ ಹತ್ತಿಸಿ ಕಳಿಸಬೇಕೆಂದಿದ್ದೇನೆ. ನಾನು ಮೇಲಿನಿಂದ ಕೂಗುವಾಗ ಕೆಳಗೆ ಯಾರೂ ಇರಬಾರದು.